ಗೋಡೆಗಿಂತ ಮೃದುವಾದ ಗಾರೆ

ಸೂಳಗಿರಿಯ ಸುತ್ತಣ ಗ್ರಾಮಗಳಿಂದಲೂ ಹೊಸೂರು, ದೇಂಕಣಿಕೋಟೆ, ರಾಯಕೋಟೆಗಳ ಕಡೆಯಿಂದಲೂ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ, ಮಳೆಗಾಲ ಮುಗಿಯುತ್ತಲೇ, ತಪ್ಪದೆ ಮರಳಿ ಬರುತ್ತದೆ. ಅಜ್ಜನೋ ಮುತ್ತಜ್ಜನೋ ಕಟ್ಟಿಸಿದ ಮನೆ ಇನ್ನೂ ನಿಂತಿದೆ. ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆ, ಮೂಲೆಯಲ್ಲಿ ಬಿರುಕು ಕಾಣಿಸಿದೆ, ಕೆಡಹುವುದಕ್ಕೆ ಮನಸ್ಸು ಒಪ್ಪದು. ಹೀಗಿರುವಲ್ಲಿ ಅದನ್ನು ಬಲಪಡಿಸುವುದಕ್ಕೆ ಯಾವ ಸಿಮೆಂಟು ಉತ್ತಮ, ಅದರೊಡನೆ ಯಾವ ರಾಸಾಯನಿಕವನ್ನು ಬೆರೆಸಬೇಕು ಎಂದು ಕೇಳುವವರೇ ಬಹುಮಂದಿ. ಹಾಗೆ ಕೇಳುವಾಗಲೇ ಉತ್ತರದ ಅರ್ಧವನ್ನು ಅವರು ತೀರ್ಮಾನಿಸಿಕೊಂಡಿರುತ್ತಾರೆ. ಗೋಡೆ ದುರ್ಬಲ, ಸಿಮೆಂಟು ಪ್ರಬಲ, ಆದುದರಿಂದ ದುರ್ಬಲವಾದುದರ ಮೇಲೆ ಪ್ರಬಲವಾದುದನ್ನು ಬಳಿದರೆ ಎರಡೂ ಕೂಡಿ ಪ್ರಬಲವಾಗುವುವು ಎಂಬುದು ಅವರ ತರ್ಕ. ಕಟ್ಟಡದ ಕೆಲಸದಲ್ಲಿಯೇ ಜೀವಮಾನದ ಬಹುಭಾಗವನ್ನು ಕಳೆದಿರುವ ನಾನು ಈ ತರ್ಕವನ್ನು ಒಪ್ಪಲಾರೆ. ಹಳೆಯ ಗೋಡೆಗೆ ಬಳಿಯುವ, ತುಂಬುವ, ಸೇರಿಸುವ ವಸ್ತುವು ಆ ಗೋಡೆಗಿಂತ ಕೊಂಚ ಮೃದುವಾಗಿಯೂ, ನೀರಾವಿಯನ್ನು ಅದಕ್ಕಿಂತ ಸುಲಭವಾಗಿ ಹೊರಬಿಡುವಂಥದಾಗಿಯೂ, ಸವೆಯುವ ಕಾಲ ಬಂದಾಗ ಗೋಡೆಗಿಂತ ಮೊದಲು ತಾನೇ ಸವೆಯುವಂಥದಾಗಿಯೂ ಇರಬೇಕೆಂಬುದೇ ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ವಾರ ಸಾವಕಾಶವಾಗಿ ನಿವೇದಿಸಬೇಕೆಂದಿದ್ದೇನೆ.

ನಮ್ಮ ಸೀಮೆಯ ಹಳೆಯ ಗೋಡೆ ಎಂಥದೆಂಬುದನ್ನು ಮೊದಲು ನೋಡೋಣ. ಭೂಗರ್ಭಶಾಸ್ತ್ರಜ್ಞರು ನೈಸ್ ಎಂದು ಕರೆಯುವ ಅತಿ ಪ್ರಾಚೀನವಾದ ಶಿಲೆಯ ಮೇಲೆ ನಮ್ಮ ಊರುಗಳು ಕುಳಿತಿವೆ. ಆ ಶಿಲೆಯೇ ಬಂಡೆಯಾಗಿ ಸೂಳಗಿರಿಯ ಬೆಟ್ಟದಲ್ಲಿ ಮೇಲೆದ್ದಿದೆ, ಅದೇ ಶಿಥಿಲವಾಗಿ ಹೊಲದ ಕೆಮ್ಮಣ್ಣಾಗಿದೆ. ಆದುದರಿಂದ ಇಲ್ಲಿಯ ಹಿರಿಯರು ಕಲ್ಲನ್ನೂ ಮಣ್ಣನ್ನೂ ಕಾಲ್ನಡಿಗೆಯ ದೂರದಿಂದಲೇ ತಂದು, ಒಂದೂವರೆ ಎರಡು ಅಡಿ ದಪ್ಪದ ಗೋಡೆಗಳನ್ನು ಕೆಸರು ಮಣ್ಣಿನಲ್ಲಿ ಕಟ್ಟಿ, ಅನುಕೂಲವಿದ್ದವರು ಸಂದುಗಳನ್ನೂ ಹೊರಮೈಯನ್ನೂ ಸುಣ್ಣದ ಗಾರೆಯಿಂದ ಮುಚ್ಚಿ, ಮೇಲೆ ನಾಡಹೆಂಚನ್ನೋ ಕಲ್ಲುಚಪ್ಪಡಿಯನ್ನೋ, ಮರದ ಜಂತೆಗಳ ಮೇಲೆ ಇಟ್ಟಿಗೆ ಸುಣ್ಣಗಳಿಂದ ಕೂರಿಸುವ ಮದರಾಸು ತಾರಸಿಯನ್ನೋ ಹೊದಿಸಿದರು. 1791ರಲ್ಲಿ ಆಂಗ್ಲ ಸೈನ್ಯದ ವಶವಾದ ರಾಯಕೋಟೆಯ ದುರ್ಗವಾಗಲಿ, 1792ರಲ್ಲಿ ಬಾರಾಮಹಲೂ 1799ರಲ್ಲಿ ಹೊಸೂರು ಸೀಮೆಯೂ ಕಂಪನಿಯ ಕೈಸೇರಿದ ತರುವಾಯ ಎದ್ದ ಕಚೇರಿ ಬಂಗಲೆಗಳಾಗಲಿ, 1878ರಲ್ಲಿ ರಾಜಾಜಿಯವರು ಜನಿಸಿದ, ಈಗ ಸ್ಮಾರಕವಾಗಿರುವ ತೊರಪಳ್ಳಿಯ ಮನೆಯಾಗಲಿ, ಎಲ್ಲವೂ ಸಿಮೆಂಟಿನ ಪರಿಚಯವೇ ಇಲ್ಲದಿದ್ದ ಕಾಲದ ಕಟ್ಟಡಗಳು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಸನ್ನದು ಪಡೆದದ್ದು 1824ರಲ್ಲಿ. ನಮ್ಮ ದೇಶದಲ್ಲಿ ಅದನ್ನು ತಯಾರಿಸುವ ಮೊದಮೊದಲ ಪ್ರಯತ್ನವೊಂದು ಮದರಾಸಿನಲ್ಲಿ ನಡೆದದ್ದು 1904ರಲ್ಲಿ. ಪೋರಬಂದರಿನಲ್ಲಿ ಅದು ನೆಲೆಗೊಂಡದ್ದು 1914ರ ಹೊತ್ತಿಗೆ. ಹಳ್ಳಿಯ ಮೇಸ್ತ್ರಿಯ ಬಾಂಡಲಿಗೆ ಅದು ಬಂದದ್ದು ಇನ್ನೂ ಎಷ್ಟೋ ಕಾಲದ ಮೇಲೆ.

ಇಂತಹ ಗೋಡೆಯು ತನ್ನ ಕಾಠಿಣ್ಯದಿಂದ ನಿಂತಿರುವುದಿಲ್ಲ. ತನ್ನ ದಪ್ಪದಿಂದ, ತೂಕದಿಂದ, ಒಳಗಿನ ಸಾವಿರ ಸಂದುಗಳು ಕೂದಲೆಳೆಯಷ್ಟು ಸರಿದಾಡಿ ಮತ್ತೆ ನೆಲೆಗೊಳ್ಳುವ ಸಾಮರ್ಥ್ಯದಿಂದ ನಿಂತಿರುತ್ತದೆ. ಬೇಸಗೆಯ ಬಿಸಿಲಿಗೆ ಅದು ಹಿಗ್ಗುವುದು, ಮಾಗಿಯ ಚಳಿಗೆ ಕುಗ್ಗುವುದು, ತಳದ ಮಣ್ಣು ನೆನೆದಾಗ ತುಸು ಕುಸಿಯುವುದು, ಒಣಗಿದಾಗ ಮತ್ತೊಂದು ಭಂಗಿಯನ್ನು ತಾಳುವುದು. ಈ ಚಲನೆಗಳನ್ನೆಲ್ಲ ಮೃದುವಾದ ಸಂದು ತನ್ನಲ್ಲಿ ಅಡಗಿಸಿಕೊಂಡು ಕಲ್ಲಿಗೂ ಇಟ್ಟಿಗೆಗೂ ಘಾತವಾಗದಂತೆ ಕಾಪಾಡುತ್ತದೆ. ಸುಣ್ಣದ ಗಾರೆಯ ಒತ್ತುಬಲ ಸಾಮಾನ್ಯವಾಗಿ ಚದರ ಮಿಲಿಮೀಟರಿಗೆ ಅರ್ಧದಿಂದ 3 ನ್ಯೂಟನ್ನಿನವರೆಗೆ ಇರುತ್ತದೆ. ಒಂದಕ್ಕೆ ಮೂರು ಮರಳು ಬೆರೆಸಿದ ಸಿಮೆಂಟಿನ ಗಾರೆಯದು 10ನ್ನು ನಿರಾಯಾಸವಾಗಿ ದಾಟುತ್ತದೆ. ಅಂಗಡಿಯಲ್ಲಿ ನಿಂತು ಈ ಅಂಕಿಗಳನ್ನು ಓದುವವನು ಎರಡನೆಯದನ್ನೇ ಆರಿಸಿಕೊಳ್ಳುವುದು ಸಹಜ. ಆದರೆ ಇಲ್ಲಿ ವಿಚಾರಿಸಬೇಕಾದದ್ದು ಗಾರೆಯೊಂದರ ಬಲವನ್ನಲ್ಲ, ಗಾರೆಯೂ ಅದನ್ನು ಹೊತ್ತ ಗೋಡೆಯೂ ಕೂಡಿ ಬಾಳುವ ಬಗೆಯನ್ನು. ಒಂದೇ ನೊಗಕ್ಕೆ ಎಳೆಗರುವನ್ನೂ ಬಲಿತ ಎತ್ತನ್ನೂ ಹೂಡಿದರೆ ನೇಗಿಲು ವೇಗವಾಗಿ ಸಾಗದು, ಕರುವಿನ ಹೆಗಲು ಹುಣ್ಣಾಗುತ್ತದೆ. ಮೃದುವಾದ ಗೋಡೆಗೆ ಕಠಿಣವಾದ ಗಾರೆಯನ್ನು ಅಂಟಿಸಿದಾಗ ನಡೆಯುವುದೂ ಅದೇ. ಬಾಗದ ಭಾಗವು ಭಾರವನ್ನೆಲ್ಲ ತನ್ನೆಡೆಗೆ ಸೆಳೆದುಕೊಂಡು, ತಾನು ಬಿರಿಯುವ ಬದಲು ತನ್ನ ಅಂಚಿನಲ್ಲಿರುವ ಮೃದುಭಾಗವನ್ನು ಒಡೆಯುತ್ತದೆ.

ಈ ವಿಷಯದಲ್ಲಿ ನಮ್ಮ ನೆರೆಯ ಬೆಂಗಳೂರಿನಲ್ಲಿಯೇ ನಡೆದಿರುವ ಸಂಶೋಧನೆಯೊಂದನ್ನು ಓದುಗರು ತಿಳಿಯುವುದು ಉಚಿತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನಿಂದ ಆರಂಭವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಪರಂಪರೆಯಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶರೂ ಅವರ ಸಹೋದ್ಯೋಗಿಗಳೂ ನಮ್ಮ ದೇಶದ, ಅದರಲ್ಲಿಯೂ ದಕ್ಷಿಣದ, ಇಟ್ಟಿಗೆಗಳನ್ನು ಪರೀಕ್ಷಿಸಿ, ಇವು ಪಾಶ್ಚಾತ್ಯ ಪಠ್ಯಪುಸ್ತಕಗಳು ಊಹಿಸುವ ಇಟ್ಟಿಗೆಗಳಂತೆ ಗಾರೆಗಿಂತ ಬಿಗಿಯಾದವುಗಳಲ್ಲ, ಅನೇಕ ಸಂದರ್ಭಗಳಲ್ಲಿ ಸಿಮೆಂಟಿನ ಗಾರೆಗಿಂತ ಮೃದುವಾದವು ಎಂಬುದನ್ನು ತೋರಿಸಿಕೊಟ್ಟರು. ಪಠ್ಯದ ಪ್ರಕಾರ ಗಾರೆ ಬಾಗಿ ಇಟ್ಟಿಗೆ ಬಿಗಿಯಾಗಿ ನಿಲ್ಲಬೇಕು; ನಮ್ಮಲ್ಲಿ ಅದು ವ್ಯತ್ಯಸ್ತವಾಗಬಹುದು. ಈಗ ಗೂಡಿನಿಂದ ಬರುವ ಇಟ್ಟಿಗೆಯ ವಿಷಯದಲ್ಲಿಯೇ ಹೀಗಿರುವಾಗ, ನೂರು ವರ್ಷ ಮಳೆಬಿಸಿಲನ್ನುಂಡ ಹಳೆಯ ಸಣ್ಣಿಟ್ಟಿಗೆಯ ಗೋಡೆಗೆ ದಪ್ಪವಾಗಿ ಸಿಮೆಂಟು ಬಳಿಯುವುದು ಎಷ್ಟು ಅವಿಚಾರದ ಕೆಲಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಲದ ಮಾತು ಹಾಗಿರಲಿ. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ನಿಜವಾಗಿ ಕೊಲ್ಲುತ್ತಿರುವುದು ನೀರು, ಮತ್ತು ಆ ನೀರು ಹೊರಹೋಗುವ ದಾರಿಯನ್ನು ಮುಚ್ಚಿದ ಸಿಮೆಂಟು. ಸೂಳಗಿರಿಗೆ ಸಮೀಪದ ಒಂದು ಗ್ರಾಮದಲ್ಲಿ ನಾನು ಬಹುಕಾಲದಿಂದ ನೋಡುತ್ತ ಬಂದ ಒಂದು ಮನೆಯ ವೃತ್ತಾಂತವನ್ನು ಹೇಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಒಳಹೊರಗೆ ಸುಣ್ಣದ ಗಾರೆ, ಮುಂದೆ ಕಲ್ಲುಕಂಬದ ಜಗಲಿ. ಬೀದಿಗೆ ಕಾಂಕ್ರೀಟು ಹಾಸಿದಾಗ ಬೀದಿಯ ಮಟ್ಟ ಏರಿ, ಮೊದಲು ಬೀದಿಗೆ ಹರಿಯುತ್ತಿದ್ದ ಸೂರುನೀರು ಮನೆಯ ಬುಡದಲ್ಲಿಯೇ ನಿಲ್ಲತೊಡಗಿತು. ಗೋಡೆಯ ಬುಡದಲ್ಲಿ ಅಂಗೈಯಗಲದಷ್ಟು ಗಾರೆ ಉದುರಿತು. ಕೂಡಲೇ ಒಬ್ಬ ಗುತ್ತಿಗೆದಾರರು ಬಂದು ಮೊಳಕಾಲೆತ್ತರದವರೆಗೆ ಸಿಮೆಂಟಿನ ಬಳಿತವನ್ನು ಮಾಡಿಕೊಟ್ಟರು, ಮನೆಯವರಿಗೆ ಸಮಾಧಾನವಾಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಳಿತದ ಮೇಲಂಚಿನಿಂದ ಮೇಲಕ್ಕೆ ಗಾರೆ ಉಬ್ಬಿ ಬಿಳಿಯ ಪುಡಿ ಕಾಣಿಸಿತು. ಬಳಿತವನ್ನು ಸೊಂಟದೆತ್ತರಕ್ಕೆ ಏರಿಸಿದರು. ತೇವವೂ ಸೊಂಟದೆತ್ತರವನ್ನು ದಾಟಿತು. ಆಮೇಲೆ ನೀರು ತಡೆಯುವುದೆಂದು ಹೇಳಲಾದ ಬಣ್ಣವನ್ನು ಒಳಗೋಡೆಗೂ ಬಳಿದರು. ತೇವವು ಎದೆಯೆತ್ತರಕ್ಕೆ ಏರಿ, ಗೋಡೆಯಲ್ಲಿ ಹುಗಿದ ಮರದ ಕಪಾಟಿನ ಚೌಕಟ್ಟನ್ನು ಗೆದ್ದಲಿನ ಪಾಲು ಮಾಡಿತು.

ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ. ನೆಲದಿಂದ ಗೋಡೆಯೊಳಕ್ಕೆ ಏರುವ ನೀರು ಗೋಡೆಯ ಮೈಯಿಂದ ಆವಿಯಾಗಿ ಹೊರಹೋಗಬೇಕು. ಏರುವ ನೀರೂ ಆರುವ ನೀರೂ ಸಮವಾದ ಎತ್ತರದಲ್ಲಿ ತೇವ ನಿಲ್ಲುತ್ತದೆ. ಸುಣ್ಣದ ಗಾರೆಯಿದ್ದಾಗ ಅದು ನೆಲದಿಂದ ಗೇಣೆತ್ತರದಲ್ಲಿಯೇ ಆರಿಹೋಗುತ್ತಿತ್ತು. ಸಿಮೆಂಟು ಆ ಮೈಯನ್ನು ಮುಚ್ಚಿದ ಮೇಲೆ ನೀರಿಗೆ ಬೇರೆ ದಾರಿಯಿಲ್ಲ, ಮುಚ್ಚದ ಭಾಗವನ್ನು ಹುಡುಕಿಕೊಂಡು ಮೇಲಕ್ಕೆ ಹೋಗಲೇಬೇಕು. ನೀರಿನೊಡನೆ ಮಣ್ಣಿನಲ್ಲಿರುವ, ಕೊಟ್ಟಿಗೆಯ ಗಂಜಲದಿಂದ ಇಳಿದ, ಸ್ವಯಂ ಸಿಮೆಂಟಿನಿಂದಲೂ ಕರಗಿ ಬಂದ ಲವಣಗಳು ಪ್ರಯಾಣ ಮಾಡುತ್ತವೆ. ನೀರು ಆವಿಯಾದ ಎಡೆಯಲ್ಲಿ ಅವು ಹರಳುಗಟ್ಟುತ್ತವೆ. ಮೈಯ ಮೇಲೆ ಹರಳುಗಟ್ಟಿದರೆ ಪೊರಕೆಯಿಂದ ಗುಡಿಸಿಬಿಡಬಹುದು. ಬಳಿತದ ಹಿಂದೆ, ಇಟ್ಟಿಗೆಯ ಸೂಕ್ಷ್ಮರಂಧ್ರಗಳೊಳಗೆ ಹರಳುಗಟ್ಟಿದರೆ ಆ ಹರಳು ಬೆಳೆಯುವ ಒತ್ತಡಕ್ಕೆ ಇಟ್ಟಿಗೆಯ ಮುಖವೇ ಪುಡಿಯಾಗುತ್ತದೆ. ಹೊರಗೆ ಸಿಮೆಂಟು ನಯವಾಗಿ ನಿಂತಿರುತ್ತದೆ, ಅದರ ಹಿಂದೆ ಗೋಡೆ ಬೂದಿಯಂತಾಗಿರುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆಗಂತೂ ಅಪಾಯ ಇನ್ನೂ ಹೆಚ್ಚು. ಒಣಗಿದ್ದಾಗ ಭಾರ ಹೊರುವ ಕೆಸರು ಮಣ್ಣು ಸದಾ ನೆನೆದಿದ್ದರೆ ಭಾರ ಹೊರಲಾರದು, ಗೋಡೆ ಹೊಟ್ಟೆಬಿಡುತ್ತದೆ.

ಆ ಮನೆಯವರು ಕೊನೆಗೆ ನನ್ನ ಮಾತನ್ನು ಒಪ್ಪಿ ಸಿಮೆಂಟನ್ನು ಕೆತ್ತಿಸಿದರು. ಕೆತ್ತಿದ ದಿನ ಗೋಡೆಯ ಸಂದಿನ ಮಣ್ಣನ್ನು ಬೆರಳಿನಿಂದ ಉಂಡೆ ಕಟ್ಟಬಹುದಾಗಿತ್ತು. ಮನೆಯ ಸುತ್ತ ಕಾಲುವೆ ತೋಡಿ ಸೂರುನೀರನ್ನು ದೂರಕ್ಕೆ ಹಾಯಿಸಿ, ಗೋಡೆಯನ್ನು ಒಂದು ಬೇಸಗೆ ಪೂರ್ತಿ ಬೆತ್ತಲೆಯಾಗಿ ಆರಬಿಟ್ಟು, ಬಿಳಿಯ ಉಪ್ಪು ಮೇಲಕ್ಕೆ ಬಂದಂತೆಲ್ಲ ಒಣಪೊರಕೆಯಿಂದ ಗುಡಿಸಿ ಹೊರಗೆಸೆದು, ಆ ಬಳಿಕ ಕೆಮ್ಮಣ್ಣಿಗೆ ಸ್ವಲ್ಪ ಸುಣ್ಣ ಬೆರೆಸಿ ಸಂದುಗಳನ್ನು ತುಂಬಿ, ಮೇಲೆ ಸುಣ್ಣದ ಗಾರೆ ಬಳಿದದ್ದಾಯಿತು. ಕಾಲುವೆಗಾದ ವೆಚ್ಚವೇ ಗಾರೆಗಾದ ವೆಚ್ಚಕ್ಕಿಂತ ಹೆಚ್ಚಾಯಿತೆಂದು ಮನೆಯ ಯಜಮಾನರು ಪೇಚಾಡಿದರು; ಆದರೆ ನೀರನ್ನು ಬಿಟ್ಟು ಗಾರೆಯನ್ನು ಮಾತ್ರ ಬದಲಿಸಿದ್ದರೆ ಯಾವ ಗಾರೆಯೂ ಉಳಿಯುತ್ತಿರಲಿಲ್ಲ. ಬುಡದ ಗಾರೆ ಇನ್ನು ಕೆಲವು ವರ್ಷಗಳಲ್ಲಿ ಮತ್ತೆ ಉದುರುವುದು ನಿಶ್ಚಯ. ಉಪ್ಪನ್ನು ತಾನು ಹೀರಿಕೊಂಡು ಉದುರುವುದೇ ಅದರ ಕರ್ತವ್ಯವೆಂದೂ, ಅದನ್ನು ಮತ್ತೆ ಬಳಿಯುವ ಖರ್ಚು ಗೋಡೆಯನ್ನು ಮತ್ತೆ ಕಟ್ಟುವ ಖರ್ಚಿನ ಮುಂದೆ ಅತ್ಯಲ್ಪವೆಂದೂ ನಾನು ಅವರಿಗೆ ಮೊದಲೇ ತಿಳಿಸಿದ್ದೇನೆ.

ಇನ್ನು ಸುಣ್ಣದ ವಿಷಯ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರಲ್ಲಿನ ಅಂಗಾರಾಮ್ಲ ವಾಯು ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹೊಯ್ದಾಗ ಅದು ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿನ ಅದೇ ವಾಯುವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಕೊನೆಯ ಕ್ರಿಯೆ ಮೈಯಿಂದ ಒಳಕ್ಕೆ ಬಹು ನಿಧಾನವಾಗಿ, ತಿಂಗಳುಗಟ್ಟಲೆ, ದಪ್ಪವಾದ ಕೆಲಸದಲ್ಲಿ ವರ್ಷಗಟ್ಟಲೆ, ನಡೆಯುವಂಥದು. ಅದಕ್ಕೆ ಗಾಳಿಯೂ ಬೇಕು, ಹದವಾದ ತೇವವೂ ಬೇಕು. ಸುಣ್ಣದ ಗಾರೆ ಒಣಗುವುದು ಬೇರೆ, ಕಟ್ಟುವುದು ಬೇರೆ. ಬಿರುಬಿಸಿಲಿನಲ್ಲಿ ಬಳಿದು ಒಂದೇ ದಿನದಲ್ಲಿ ಒಣಗಿಸಿದರೆ ಅದು ಎಂದೆಂದಿಗೂ ಸೀಮೆಸುಣ್ಣದಂತೆ ಪುಡಿಪುಡಿಯಾಗಿಯೇ ಉಳಿಯುವುದು. ಸುಣ್ಣವು ಕೈಕೊಟ್ಟಿತೆಂದು ದೂರುವವರ ಕೆಲಸವನ್ನು ಹೋಗಿ ನೋಡಿದಾಗ ನನಗೆ ಹೆಚ್ಚಾಗಿ ಕಂಡದ್ದು ಈ ಅವಸರವೇ. ಇದಕ್ಕೆ ಪ್ರತಿಯಾಗಿ ಸುಣ್ಣದಲ್ಲಿ ಒಂದು ದೊಡ್ಡ ಗುಣವಿದೆ: ಕೂದಲೆಳೆಯ ಬಿರುಕು ಬಿದ್ದಾಗ ಮಳೆಯ ನೀರಿನಲ್ಲಿ ಸ್ವಲ್ಪ ಸುಣ್ಣ ಕರಗಿ, ಬಿರುಕಿನೊಳಗೆ ಹರಿದು, ಅಲ್ಲಿಯೇ ಮತ್ತೆ ಹರಳುಗಟ್ಟಿ ಅದನ್ನು ಮುಚ್ಚುತ್ತದೆ.

ನೀರಿನ ಸಂಪರ್ಕ ಹೆಚ್ಚಾಗಿರುವ ಕಡೆ ಬರಿಯ ಸುಣ್ಣ ಸಾಲದು. ಅಲ್ಲಿ ಹಿರಿಯರು ಸುರ್ಕಿಯನ್ನು, ಅಂದರೆ ಇಟ್ಟಿಗೆಯ ಪುಡಿಯನ್ನು, ಬೆರೆಸುತ್ತಿದ್ದರು. ಹದವಾಗಿ, ಅತಿಯಾಗಿ ಬೇಯದಂತೆ, ಸುಟ್ಟ ಜೇಡಿಮಣ್ಣಿನ ಪುಡಿ ಸುಣ್ಣದೊಡನೆ ಸಂಯೋಗವಾಗಿ ನೀರಿನಲ್ಲಿಯೂ ಕಟ್ಟುವ ಗುಣವನ್ನು ಕೊಡುತ್ತದೆ; ಕಪ್ಪಾಗಿ ಬೆಂದು ಕಿಟ್ಟವಾದ ಇಟ್ಟಿಗೆಯ ಪುಡಿಗೆ ಆ ಶಕ್ತಿಯಿಲ್ಲ, ಅದು ಬರಿಯ ಮರಳಿಗೆ ಸಮಾನ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಇವುಗಳ ವಿಷಯದಲ್ಲಿ ಜನರಲ್ಲಿ ಅದ್ಭುತವಾದ ನಂಬಿಕೆಗಳಿವೆ. ಅವುಗಳಿಂದ ಗಾರೆಯ ಹದ ಸುಧಾರಿಸುವುದೂ, ಕಡಮೆ ನೀರಿನಲ್ಲಿ ಕಲಸಲು ಸಾಧ್ಯವಾಗುವುದೂ ನಿಜ. ವೆಲ್ಲೂರಿನ ವಿಐಟಿಯಲ್ಲಿ ಈ ಸಸ್ಯಜನ್ಯ ದ್ರವ್ಯಗಳ ಮೇಲೆ ಕ್ರಮವಾದ ಪ್ರಯೋಗಗಳು ನಡೆದಿವೆ. ಆದರೆ ಅಳಲೆಕಾಯಿ ಒಂದಿದ್ದರೆ ಸುಣ್ಣ ಹೇಗಿದ್ದರೂ ನಡೆಯುವುದೆಂಬ ಭಾವನೆ ಸರ್ವಥಾ ಸಲ್ಲದು. ಚೆನ್ನಾಗಿ ಅರಳಿಸಿ, ಜರಡಿಯಾಡಿ, ನೀರಿನಡಿಯಲ್ಲಿ ವಾರಗಟ್ಟಲೆ ಊರಿಸಿದ ಸುಣ್ಣವೇ ಮುಖ್ಯ. ಅರಳದ ಹರಳು ಒಂದು ಉಳಿದರೂ ಗೋಡೆಗೇರಿದ ಮೇಲೆ ಅದು ಅರಳಿ ಗಾರೆಯನ್ನು ಸಿಡಿಸುತ್ತದೆ. ಮರಳಿನ ಕಣಗಳ ನಡುವಣ ಬರಿದು ಒಟ್ಟು ಪರಿಮಾಣದ ಸುಮಾರು ಮೂರರಲ್ಲೊಂದು ಪಾಲು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬ ಹಳೆಯ ಲೆಕ್ಕ ಹುಟ್ಟಿದ್ದು ಇದರಿಂದಲೇ. ಈಗ ಕ್ರಷರುಗಳಿಂದ ಬರುವ ಎಂ-ಸ್ಯಾಂಡಿನಲ್ಲಿ ಕಲ್ಲಿನ ಹಿಟ್ಟು ಹೆಚ್ಚಾಗಿದ್ದರೆ ತೊಳೆದು ಬಳಸಬೇಕು, ಇಲ್ಲವಾದರೆ ಗಾರೆ ಸೀಳುಬಿಡುತ್ತದೆ.

ಅಂಗಡಿಯ ಚೀಲದ ಮೇಲೆ ಸುಣ್ಣವೆಂದು ಬರೆದಿರುವುದೆಲ್ಲ ಒಂದೇ ವಸ್ತುವಲ್ಲ. ಭಾರತೀಯ ಮಾನಕ ಐಎಸ್ 712 ಕಟ್ಟಡದ ಸುಣ್ಣವನ್ನು ‘ಎ’ಯಿಂದ ‘ಎಫ್’ವರೆಗೆ ವರ್ಗೀಕರಿಸಿದೆ, ‘ಎ’ ವರ್ಗದ್ದು ನೀರಿನಲ್ಲಿ ಬಲವಾಗಿ ಕಟ್ಟುವಂಥದು, ‘ಸಿ’ ವರ್ಗದ್ದು ಗಾಳಿಯಿಂದ ಮಾತ್ರ ಕಟ್ಟುವ ಕೊಬ್ಬುಸುಣ್ಣ, ‘ಇ’ ವರ್ಗದ್ದು ಹೊಲಗಳಲ್ಲಿ ಸಿಕ್ಕುವ ಕಂಕರೆಯಿಂದ ಮಾಡಿದ್ದು. ವಿದೇಶದಿಂದ ಬರುವ ಎನ್‌ಎಚ್‌ಎಲ್ ಎಂಬ ಸುಣ್ಣದ ಚೀಲಗಳ ಮೇಲಿರುವ 2, 3.5, 5 ಎಂಬ ಅಂಕಿಗಳು 28 ದಿನಗಳ ಬಳಿಕ ಅದರ ಗಾರೆಗೆ ಇರಬೇಕಾದ ಕನಿಷ್ಠ ಬಲವನ್ನು ಸೂಚಿಸುತ್ತವೆ. ನಮ್ಮ ಮಣ್ಣುಗಾರೆಯ ಗೋಡೆಗೆ 5 ಎಂಬುದನ್ನು ತಂದು ಬಳಿಯುವುದು ಸುಣ್ಣದ ಹೆಸರಿನಲ್ಲಿ ಸಿಮೆಂಟಿನ ದೋಷವನ್ನೇ ಮರಳಿ ತಂದಂತೆ. ಸುಣ್ಣದ ಗಾರೆಯೆಂದು ಮಾರುವ ಸಿದ್ಧಮಿಶ್ರಣದಲ್ಲಿ ಸಿಮೆಂಟು ಎಷ್ಟಿದೆಯೆಂದು ಕೇಳಿ, ಲಿಖಿತವಾಗಿ ಉತ್ತರ ದೊರೆತರೆ ಮಾತ್ರ ಕೊಳ್ಳುವುದು ಮೇಲು.

ಇಷ್ಟನ್ನೆಲ್ಲ ತೂಗಿ ನೋಡುವುದಕ್ಕೆ ಮೊದಲು ನಿಮ್ಮ ಗೋಡೆಯಲ್ಲಿ ಈಗಾಗಲೇ ಏನಿದೆ ಎಂಬುದು ತಿಳಿದಿರಬೇಕಷ್ಟೆ. ಮಳೆ ತಾಕದ ಎಡೆಯಿಂದ ಸಂದಿನ ಗಾರೆಯ ಒಂದು ಹೆಂಟೆಯನ್ನು ತೆಗೆದು ರಾತ್ರಿಯೆಲ್ಲ ನೀರಿನಲ್ಲಿಡಿ. ಕರಗಿ ಕೆಸರಾದರೆ ಅದು ಮಣ್ಣು. ಹಾಗೆಯೇ ಉಳಿದು, ಬೆಳ್ಳಗೆ ಅಥವಾ ಕೆಂಪುಮಿಶ್ರಿತವಾಗಿದ್ದು, ನಿಂಬೆರಸಕ್ಕೆ ನೊರೆಯೆದ್ದು, ಉಗುರಿಗೆ ಗೀರುಬಿದ್ದರೆ ಸುಣ್ಣ. ಬೂದುಬಣ್ಣವಿದ್ದು ಸುತ್ತಿಗೆಗೆ ಖಣಖಣಿಸಿದರೆ ಯಾರೋ ಹಿಂದೆ ಹಾಕಿಸಿದ ಸಿಮೆಂಟು. ಅದಕ್ಕೂ ನೊರೆಯೇಳುವುದುಂಟಾದುದರಿಂದ ನೊರೆಯೊಂದನ್ನೇ ನಂಬಬಾರದು. ಕಳೆದ ಶತಮಾನದ ನಡುಭಾಗದ ಮನೆಗಳಲ್ಲಿ ಸುಣ್ಣಕ್ಕೆ ಒಂದಿಷ್ಟು ಸಿಮೆಂಟು ಸೇರಿಸಿದ ಮಿಶ್ರಗಾರೆಯೂ ಕಾಣಸಿಗುತ್ತದೆ. ಅಂತಹ ಗೋಡೆಗೆ ಅಂತಹದೇ ಗಾರೆ ಯೋಗ್ಯ. ಬೆಲೆಬಾಳುವ ಕಟ್ಟಡವಾದರೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪುರಾತನ ಕಟ್ಟಡಗಳ ಸುರಕ್ಷತೆಗಾಗಿಯೇ ಐಐಟಿ ಮದ್ರಾಸಿನಲ್ಲಿ ಒಂದು ರಾಷ್ಟ್ರೀಯ ಕೇಂದ್ರವಿದೆ.

ಬಲಪಡಿಸುವುದೆಂಬ ಮಾತಿಗೆ ಬರೋಣ. ಗಾರೆ ಬಳಿಯುವುದರಿಂದ ಗೋಡೆ ಬಲವಾಗುವುದಿಲ್ಲ. ಬಳಿತವು ಹೊದಿಕೆ ಮಾತ್ರ. ನಮ್ಮ ಕಲ್ಲುಗೋಡೆಗಳ ನಿಜವಾದ ದೌರ್ಬಲ್ಯವೆಂದರೆ, ಒಳಮುಖ ಒಂದು, ಹೊರಮುಖ ಒಂದು, ನಡುವೆ ಚೂರುಗಲ್ಲು ಮಣ್ಣು, ಹೀಗೆ ಅವು ಮೂರು ಪದರಗಳಾಗಿರುವುದು. ಎರಡು ಮುಖಗಳನ್ನೂ ಹಿಡಿದು ಕಟ್ಟುವ ಅಡ್ಡಗಲ್ಲುಗಳನ್ನು ಕಟ್ಟುವವನು ಲೋಭದಿಂದ ಬಿಟ್ಟಿದ್ದರೆ ಅಂತಹ ಗೋಡೆ ಕಂಪನಕ್ಕೆ ಸೀಳಿಹೋಗುತ್ತದೆ. 1993ರ ಸೆಪ್ಟೆಂಬರ್ 30ರಂದು ಲಾತೂರು ಸೀಮೆಯ ಕಿಲಾರಿಯಲ್ಲಿ ಸಾವಿರಾರು ಜನರ ಪ್ರಾಣವನ್ನು ತೆಗೆದದ್ದು ಇಂತಹ ದಪ್ಪನೆಯ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳೇ. ನಮ್ಮದು ಶಾಂತವಾದ ನೆಲವೆಂದು ಉದಾಸೀನರಾಗುವಂತಿಲ್ಲ. 1900ನೆಯ ಇಸವಿಯ ಫೆಬ್ರವರಿ 8ರಂದು ಕೊಯಮತ್ತೂರಿನ ಕಡೆ ಆದ ಭೂಕಂಪ ದಕ್ಷಿಣದ ಬಹುಭಾಗವನ್ನು ನಡುಗಿಸಿತ್ತು. ಇಂದು ಕಲ್ಲುಗಣಿಗಳ ಸಿಡಿಮದ್ದೂ ಹೆದ್ದಾರಿಯ ಭಾರವಾಹನಗಳೂ ಬೇರೆ ಇವೆ. ಆದುದರಿಂದ ಎರಡಡಿ ಎತ್ತರಕ್ಕೊಮ್ಮೆ, ಉದ್ದದಲ್ಲಿ ನಾಲ್ಕಡಿಗೊಮ್ಮೆ ಗೋಡೆಯ ಪೂರ್ಣ ದಪ್ಪವನ್ನು ಹಾಯುವ ಅಡ್ಡಗಲ್ಲಿರಬೇಕೆಂದು ಮಾನಕಗಳು ಹೇಳುತ್ತವೆ. ಹಳೆಯ ಗೋಡೆಯಲ್ಲಿ ಅವಿಲ್ಲದಿದ್ದರೆ, ಒಂದು ಕಲ್ಲನ್ನು ಮೆಲ್ಲನೆ ಬಿಡಿಸಿ, ರಂಧ್ರವನ್ನು ಆಚೆಮುಖದವರೆಗೆ ಕೊಂಡೊಯ್ದು, ಕೊಕ್ಕೆಯಿರುವ ಕಂಬಿಯನ್ನಿಟ್ಟು ಕಾಂಕ್ರೀಟಿನಿಂದ ತುಂಬುವ ಕ್ರಮ ಬಳಕೆಗೆ ಬಂದಿದೆ. ಇಲ್ಲಿ ಸಿಮೆಂಟನ್ನು ನಾನು ಆಕ್ಷೇಪಿಸುವುದಿಲ್ಲ. ಅದು ಅಲ್ಲೊಂದು ಇಲ್ಲೊಂದು ಬಿಡಿಯಾದ ಬೆಸುಗೆ. ಗೋಡೆಯ ಮೈಯನ್ನು ಅದು ಮುಚ್ಚುವುದಿಲ್ಲ, ತೇವದ ದಾರಿಯನ್ನು ತಡೆಯುವುದಿಲ್ಲ. ಆದರೆ ಗೋಡೆಯ ಹೊಟ್ಟೆಯೊಳಗಿನ ಟೊಳ್ಳನ್ನು ತುಂಬುವ ತೆಳುಗಾರೆಗೆ ಸುಣ್ಣ ಮತ್ತು ಸುರ್ಕಿಯ ಮಿಶ್ರಣವೇ ಯೋಗ್ಯ. ಸಿಮೆಂಟಿನ ಹಾಲನ್ನು ಒಳಗೆ ಸುರಿದರೆ ಅದು ತನ್ನ ಲವಣಗಳನ್ನು ಗೋಡೆಯ ಗರ್ಭಕ್ಕೇ ಸೇರಿಸುತ್ತದೆ, ಗೋಡೆಯಲ್ಲಿ ಜಿಪ್ಸಮ್ಮಿನ ಅಂಶವಿದ್ದರಂತೂ ಅದರೊಡನೆ ಸೇರಿ ಉಬ್ಬಿ ಒಳಗಿನಿಂದಲೇ ಒಡೆಯಬಲ್ಲದು, ಮತ್ತು ಒಮ್ಮೆ ಸುರಿದುದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ.

ಕಬ್ಬಿಣದ ವಿಷಯದಲ್ಲಿ ಜಗತ್ತಿಗೆ ಪಾಠವಾದದ್ದು ಅಥೆನ್ಸಿನ ಆಕ್ರೊಪೊಲಿಸ್. ಪ್ರಾಚೀನ ಗ್ರೀಕರು ಅಮೃತಶಿಲೆಗಳನ್ನು ಕಬ್ಬಿಣದ ಕೊಂಡಿಗಳಿಂದ ಜೋಡಿಸಿ ಸುತ್ತಲೂ ಸೀಸವನ್ನು ಎರೆಯುತ್ತಿದ್ದರು. ಮೃದುವಾದ ಸೀಸ ಕಬ್ಬಿಣಕ್ಕೆ ನೀರು ತಾಕದಂತೆ ಕಾಪಾಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೀರ್ಣೋದ್ಧಾರ ನಡೆಸಿದ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರು ಆ ರಕ್ಷೆಯಿಲ್ಲದೆ ಕಬ್ಬಿಣವನ್ನು ಹುಗಿದರು. ಅದು ತುಕ್ಕು ಹಿಡಿದು, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುವುದರಿಂದ, ಎರಡು ಸಾವಿರ ವರ್ಷ ಅಖಂಡವಾಗಿದ್ದ ಶಿಲೆಗಳು ಸೀಳಿದವು. 1975ರಿಂದ ಈಚೆಗೆ ಅವನ್ನೆಲ್ಲ ಕಿತ್ತು ತುಕ್ಕು ಹಿಡಿಯದ ಟೈಟೇನಿಯಮ್ ಕೊಂಡಿಗಳನ್ನು ಹಾಕುವ ಕೆಲಸ ನಡೆದಿದೆ. ನಮ್ಮ ಮನೆಗಳಿಗೆ ಟೈಟೇನಿಯಮ್ ಬೇಕಾಗಿಲ್ಲ. ಬಿರುಕಿಗೆ ಅಡ್ಡಲಾಗಿ ಹೊಲಿಗೆ ಹಾಕುವ ಕಂಬಿ ಸ್ಟೇನ್‌ಲೆಸ್ ಉಕ್ಕಿನದಾಗಿದ್ದರೆ ಸಾಕು. ಸುಣ್ಣದ ಗಾರೆಯೊಳಗೆ ಸಾಮಾನ್ಯ ಕಂಬಿಯನ್ನು ಹುಗಿಯಲೇಬಾರದು. ಅದನ್ನು ತುಕ್ಕಿನಿಂದ ರಕ್ಷಿಸುವ ಕ್ಷಾರಗುಣ ಸುಣ್ಣ ಕಲ್ಲಾಗುತ್ತ ಹೋದಂತೆ ಕ್ಷೀಣಿಸುತ್ತದೆ.

ಮಾಡಿನ ಬಗ್ಗೆ ಎರಡು ಮಾತು. ಹಳೆಯ ತೊಲೆಜಂತೆಗಳನ್ನು ತೆಗೆದು ಅದೇ ಗೋಡೆಗಳ ಮೇಲೆ ಆರ್‌ಸಿಸಿ ಚಪ್ಪಡಿ ಎರೆಸಿದರೆ ಮನೆ ಭದ್ರವಾಯಿತೆಂಬ ಭಾವನೆ ನಮ್ಮಲ್ಲಿ ಪ್ರಬಲವಾಗಿದೆ. ಇಟಲಿಯ ಉಂಬ್ರಿಯಾ ಪ್ರಾಂತದಲ್ಲಿಯೂ ಹೀಗೆಯೇ ಮರದ ಮಾಡುಗಳನ್ನು ಕಿತ್ತು ಕಾಂಕ್ರೀಟಿನ ಮಾಡುಗಳನ್ನೂ ಪಟ್ಟಿಗಳನ್ನೂ ಹೇರಿದ್ದರು; 1997ರ ಸೆಪ್ಟೆಂಬರಿನ ಭೂಕಂಪದಲ್ಲಿ ಹಾಗೆ ಬಲಪಡಿಸಿದ ಎಷ್ಟೋ ಕಲ್ಲುಮನೆಗಳ ಗೋಡೆಗಳು ಆ ಭಾರದ ಕೆಳಗೆ ಬಿರಿದು ಬಿದ್ದವು. ನಮ್ಮ ಮದರಾಸು ತಾರಸಿ ಸೋರಿದಾಗ ಅದರ ಮೇಲೆ ಸಿಮೆಂಟಿನ ಪದರದ ಮೇಲೆ ಪದರ ಹೊದಿಸುವುದೂ ಇದೇ ಬಗೆಯದು. ಭಾರ ಏರುತ್ತದೆ, ಒಳಗೆ ಸಿಕ್ಕಿಬಿದ್ದ ತೇವ ಗೋಡೆಯಲ್ಲಿ ಹುದುಗಿದ ತೇಗದ ಜಂತೆಯ ತುದಿಯನ್ನು ಕೊಳೆಯಿಸುತ್ತದೆ. ಹಳೆಯ ಪದರವನ್ನು ಕೆತ್ತಿ ಇಟ್ಟಿಗೆ ಜಲ್ಲಿಯನ್ನು ಸುಣ್ಣದಲ್ಲಿ ಕಲಸಿ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಕೂರಿಸಿದ ಕೆಲಸಕ್ಕೆ ಸಮನಾದುದು ಬೇರೆಯಿಲ್ಲ.

ಈ ವಿವೇಚನೆ ಹಳ್ಳಿಯ ಮನೆಗಳಿಗೆ ಮಾತ್ರವಲ್ಲ, ನಗರದ ದೊಡ್ಡ ಕಟ್ಟಡಗಳಿಗೂ ಬೇಕು. ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ಜೀವಹಾನಿಯಾಯಿತು. ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ್ವಾರದ ಭಾಗ 2016ರ ಆಗಸ್ಟಿನಲ್ಲಿ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ ಬಂತು. ಒಂದೊಂದರ ಕಾರಣವೂ ಬೇರೆಬೇರೆ. ಆದರೆ ಪ್ರತಿಸಲವೂ ಚರ್ಚೆ ಮಾತ್ರ ಕೆಡಹಿ ಕಟ್ಟುವುದೋ ಉಳಿಸುವುದೋ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಉಳಿಸುವುದಾದರೆ ಯಾವುದರಿಂದ, ಯಾರ ಕೈಯಿಂದ, ಎಷ್ಟು ನಿಧಾನವಾಗಿ ಎಂಬ ವಿಚಾರ ಹಿಂದೆ ಬೀಳುತ್ತದೆ. ನಮ್ಮ ತಮಿಳುನಾಡಿನಲ್ಲಿ 2012ರ ಜನವರಿಯಲ್ಲಿ ಬೆಂಕಿಗೆ ತುತ್ತಾದ ಚೆಪಾಕ್ ಅರಮನೆಯ ಕಲಸ ಮಹಲನ್ನು ಲೋಕೋಪಯೋಗಿ ಇಲಾಖೆಯವರೇ ಸುಣ್ಣದ ಗಾರೆಯಿಂದ ಎತ್ತಿ ನಿಲ್ಲಿಸಿದರು. ಸರ್ಕಾರದ ಇಲಾಖೆಯೊಂದು ಟೆಂಡರು, ಅಳತೆಪುಸ್ತಕಗಳ ಕಟ್ಟುಪಾಡಿನೊಳಗೇ ಇದನ್ನು ಸಾಧಿಸಿರುವಾಗ, ಸುಣ್ಣದ ಕೆಲಸ ಈ ಕಾಲದಲ್ಲಿ ಅಸಾಧ್ಯವೆಂಬ ಮಾತಿಗೆ ಆಧಾರವಿಲ್ಲ.

ಕೆಲಸ ಬಲ್ಲವರು ಎಲ್ಲಿದ್ದಾರೆ ಎಂಬುದೊಂದೇ ಉಳಿದ ತೊಡಕು. ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣಗಳು ನಮ್ಮ ಕಡೆ ನಿಂತು ಬಹುಕಾಲವಾಯಿತು. ಆದರೆ ತಂದೆಯ ಜೊತೆಯಲ್ಲಿ ಆ ಗಾಣದ ಹಿಂದೆ ನಡೆದ ಮುದುಕರು ಹೊಸೂರು ಕೃಷ್ಣಗಿರಿಗಳ ನಡುವೆ ಇನ್ನೂ ಇದ್ದಾರೆ. ಅಂತಹ ಒಬ್ಬರನ್ನು ಒಮ್ಮೆ ನಾನು, ಗಾರೆ ಹದಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ ಮೇಸ್ತ್ರಿಗಳೇ ಎಂದು ಕೇಳಿದಾಗ, “ಕರಣೆ ತಲೆಕೆಳಗೆ ಹಿಡೀರಿ ಸಾಮಿ, ಬೀಳಬಾರದು, ಒಂದು ಸಲ ಒದರಿದ್ರೆ ಪೂರಾ ಬಿಡಬೇಕು, ಅಂಟಿಕೊಂಡೂ ಇರಬಾರದು” ಎಂದರು. ಯಾವ ಮಾನಕದ ಪುಟಕ್ಕೂ ಇದು ಕಡಮೆಯ ಪರೀಕ್ಷೆಯಲ್ಲ. ಅಂತಹವರನ್ನು ಹುಡುಕಿ, ದಿನಗೂಲಿಯ ಲೆಕ್ಕದಲ್ಲಿ, ಎಳೆಯ ಮೇಸ್ತ್ರಿಯೊಬ್ಬನನ್ನು ಅವರ ಪಕ್ಕಕ್ಕೆ ನಿಲ್ಲಿಸಿ ಕೆಲಸ ಮಾಡಿಸಿರಿ. ಚದರಡಿಯ ಗುತ್ತಿಗೆಗೆ ಸುಣ್ಣದ ಕೆಲಸವನ್ನು ಕೊಟ್ಟರೆ ಅವಸರವನ್ನು ಕೊಂಡುಕೊಂಡಂತೆ.

ಈ ಸಲ ಪತ್ರ ಬರೆದವರಿಗೆಲ್ಲ ಕೆಲಸದ ಕ್ರಮವನ್ನು ಹೇಳಿಬಿಡುತ್ತೇನೆ. ಬೇಸಗೆಯಲ್ಲಿ ಸಿಮೆಂಟಿನ ಬಳಿತವನ್ನು ಉಳಿಯಿಂದ ಕೈಯಾರೆ ಕೆತ್ತಿಸಿ, ಯಂತ್ರವನ್ನು ಗೋಡೆಗೆ ತಾಗಿಸಬೇಡಿರಿ. ಮನೆಯ ಸುತ್ತಣ ನೆಲವನ್ನು ತಗ್ಗಿಸಿ ನೀರಿಗೆ ದಾರಿ ಮಾಡಿರಿ. ಮುಂಗಾರಿಗೆ ಮುನ್ನವೇ ಸುಣ್ಣವನ್ನು ತರಿಸಿ ಅರಳಿಸಿ ತೊಟ್ಟಿಯಲ್ಲಿ ಊರಲು ಬಿಡಿರಿ. ಹಿಂಗಾರಿನ ದೊಡ್ಡ ಮಳೆಗಳು ನಿಂತು ಕಾರ್ತಿಕ ಕಳೆದ ಮೇಲೆ, ಬಿಸಿಲಿನ ಬಿರುಸಿಲ್ಲದ ದಿನಗಳಲ್ಲಿ ಗೋಡೆಯನ್ನು ನೆನೆಸಿ, ಒಂದೊಂದು ಪದರವನ್ನೂ ಅರ್ಧ ಅಂಗುಲಕ್ಕೆ ಮೀರದಂತೆ ಬಳಿಸಿ, ಒದ್ದೆ ಗೋಣಿಯ ಮರೆಯಲ್ಲಿ ಕನಿಷ್ಠ ಎರಡು ವಾರ ತೇವವಾಗಿಟ್ಟು, ಎಲ್ಲ ಪದರಗಳೂ ಕಟ್ಟಿದ ಬಳಿಕ ಪ್ಲಾಸ್ಟಿಕ್ ಬಣ್ಣದ ಬದಲು ಸುಣ್ಣದ ತಿಳಿಯನ್ನೇ ಎರಡು ಮೂರು ಕೈ ಹೊಡೆಸಿರಿ. ಶಿವರಾತ್ರಿಗೆ ಮೊದಲು ಬಳಿತ ಮುಗಿಯದಿದ್ದರೆ ಉಳಿದ ಗೋಡೆಯನ್ನು ಮುಂದಿನ ಕಾರ್ತಿಕದವರೆಗೆ ಹಾಗೆಯೇ ಬಿಡುವುದು ಲೇಸು.